ನಾಲ್ಕು ಬೆರಳು ಬಾಕಿ ಇತ್ತು

ಅಕ್ಕನ ಬಲಗೈ ಗೋಡೆಯ ಮೊಳೆಯನ್ನು ಮುಟ್ಟಲು ನಾಲ್ಕು ಬೆರಳಿನಷ್ಟು ಬಾಕಿ ಇದ್ದಾಗ ನಾನು ಆ ಗೋಡೆಗೆ ಸುಣ್ಣ ಬಳಿದೆ. ಅವಳ ಕೈ ಮೇಲೇಳಲು ನಾನು ನೆರವಾಗಬೇಕಿತ್ತು. ಆಗಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿಧಾನವಾಗಿ ಸುತ್ತಿಕೊಂಡು ಬಂದರೆ ದಾರಿಯಲ್ಲಿ ಎಲ್ಲೋ ನನಗೆ ನಾನೇ ಒಂದು ನೆವ ಹುಡುಕಿಕೊಳ್ಳುತ್ತೇನೆ.

ಮೊನ್ನೆ ನಮ್ಮೂರು ಅವರ್ಸಾದಲ್ಲಿ ಹೆದ್ದಾರಿ ಬದಿಯ ಮರಗಳ ಬುಡಕ್ಕೆ ಸುಣ್ಣ ಹಚ್ಚುತ್ತಿದ್ದರು. ಮನೆಯ ಗೋಡೆಗೆ ಈಗ ಯಾರೂ ಸುಣ್ಣ ಬಳಿಸುವುದಿಲ್ಲ, ಎಲ್ಲ ಡಬ್ಬದ ಬಣ್ಣ. ಬಕೆಟ್ಟಿನಲ್ಲಿ ಚಿಪ್ಪಿನ ಸುಣ್ಣ ಕುದಿದು ಅರಳುವಾಗಿನ ಆ ವಾಸನೆ, ಮೂಗಿನ ಒಳಗೆ ಬಿಸಿ ತಾಗುವಂಥದ್ದು, ಎಷ್ಟೋ ವರ್ಷಗಳ ಮೇಲೆ ಬಂತು. ನಾನು ಕಾರವಾರದ ಬಸ್ಸಿಗೆ ನಿಂತಿದ್ದೆ. ಬಸ್ಸು ಬಂದು, ನಿಂತು, ಹೋದದ್ದು ನನಗೆ ಗೊತ್ತಾಗಲಿಲ್ಲ...

ನಾನು ಕಲಿತದ್ದು ನಾಲ್ಕನೇ ಇಯತ್ತೆ. ಕೆಲಸ, ಸುಣ್ಣ ಬಳಿಯುವುದು. ಕೇದಿಗೆಯ ಬೇರನ್ನು ಜಜ್ಜಿ ಕುಂಚ ಮಾಡಿಕೊಂಡು, ಮಳೆ ನಿಂತ ಮೇಲೆ ಕಾರವಾರದ ಮನೆಗಳಿಗೆ ಹೋಗುತ್ತಿದ್ದೆ. ಅಪ್ಪ, ಅವ್ವ ಇಬ್ಬರೂ ನಾನು ಸಣ್ಣವನಿರುವಾಗಲೇ ತೀರಿಹೋಗಿದ್ದರು. ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಗದ್ದೆ ನೆಟ್ಟಿ, ಕೊಯ್ಲು, ಕಲ್ಲು ಹೊರುವ ಕೆಲಸ, ಎಲ್ಲ ಮಾಡಿ ನನ್ನನ್ನು ಸಾಕಿದಳು. ಅವಳನ್ನು ಕೇಳಿಕೊಂಡು ಬಂದ ಸಂಬಂಧಗಳನ್ನು “ತಮ್ಮ ದೊಡ್ಡಾಗ್ಲಿ” ಎಂದು ವಾಪಸು ಕಳಿಸಿದಳು. ನಾನು ದೊಡ್ಡವನಾಗುವ ಹೊತ್ತಿಗೆ ಕೇಳಿಕೊಂಡು ಬರುವವರೇ ಇರಲಿಲ್ಲ.

ಎಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಕ್ಕನ ಎದೆಯಲ್ಲಿ ಗಂಟು ಆಗಿ ಒಂದು ವರ್ಷವೇ ಆಗಿತ್ತಂತೆ. ಮನೆಯಲ್ಲಿ ಇದ್ದವನು ನಾನೊಬ್ಬ, ಗಂಡಸು. ನನ್ನ ಹತ್ತಿರ ಹೇಗೆ ಹೇಳಬೇಕು? ಕೊನೆಗೆ ತಡೆಯಲಾರದೆ ಹೇಳಿದ ದಿನವೂ ಅವಳ ಬಾಯಿಂದ ಬಂದದ್ದು “ಬಲಗಡೆಗೆ ನೋವದೆ ತಮಾ” ಎಂದಷ್ಟೇ. ಆ ಶಬ್ದವನ್ನು ಅವಳೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹುಬ್ಬಳ್ಳಿಯ ದೊಡ್ಡಾಸ್ಪತ್ರೆಯಲ್ಲಿ ಬಲಗಡೆಯ ಮೊಲೆಯನ್ನೂ ಕಂಕುಳಲ್ಲಿದ್ದ ಗಂಟುಗಳನ್ನೂ ತೆಗೆದರು. ಊರಿನಲ್ಲಿ ನಾನು, ಹೊಟ್ಟೆಯಲ್ಲಿ ಗಡ್ಡೆ ಇತ್ತು, ತೆಗೆದರು ಎಂದು ಹೇಳಿದೆ.

ಮನೆಗೆ ಕರೆದುಕೊಂಡು ಬಂದವನು ಅವಳನ್ನು ಬಾಳಂತಿಯ ಹಾಗೆ ನೋಡಿಕೊಂಡೆ. ನಾನು ಕಂಡ ಆರೈಕೆ ಅದೊಂದೇ. ಗಾಳಿಗೆ ಹೋಗಬಾರದು, ಏಳಬಾರದು, ಕೈ ಆಡಿಸಬಾರದು. ಹಳೆಯ ಲುಂಗಿಯನ್ನು ಹರಿದು ಅವಳ ಬಲಗೈಯನ್ನು ಹೊಟ್ಟೆಗೆ ಸೇರಿಸಿ ಕಟ್ಟಿದೆ. ಗಾಯ ಬಿಚ್ಚಿಕೊಳ್ಳದಿರಲಿ ಎಂದು. ಅಕ್ಕ ಹಾಗೇ ಮೂರು ವಾರ ಮಲಗಿದಳು. ದಿನಾ ಬೆಳಿಗ್ಗೆ ಅವಳ ಕೂದಲು ಬಾಚಿ ತುರುಬು ಕಟ್ಟುವ ಕೆಲಸವೂ ನನ್ನದೇ. ಅವಳ ಕೂದಲು ಸೊಂಟಕ್ಕೆ ಬರುತ್ತಿತ್ತು. ನನ್ನ ಕೈ ಕುಂಚ ಹಿಡಿಯುವ ಕೈ.

“ಇದು ತುರುಬೋ, ಹುಲ್ಲಿನ ಕಟ್ಟೋ?” ಎಂದು ಮುಟ್ಟಿ ನೋಡಿ ಕೇಳುತ್ತಿದ್ದಳು.

“ಗಟ್ಟಿ ಅದೆಯಲ್ಲ, ಸಾಕು.”

“ಗಟ್ಟಿ ಅದೆ. ಕೊಟ್ಟಿಗೆಗೆ ಒಯ್ದು ಹಾಕೂಕಡ್ಡಿಲ್ಲ.”

ನಗುತ್ತಿದ್ದಳು. ಆದರೆ ನಾನು ಬಾಚುವಾಗ ಅವಳ ಕುತ್ತಿಗೆ ಬಿಗಿಯಾಗಿರುತ್ತಿದ್ದುದು ನನ್ನ ಕೈಗೆ ಗೊತ್ತಾಗುತ್ತಿತ್ತು. ಒಬ್ಬರ ಕೈಯಿಂದ ಏನನ್ನೂ ಮಾಡಿಸಿಕೊಂಡವಳಲ್ಲ ಅವಳು.

ನಾಲ್ಕನೇ ವಾರದಲ್ಲಿ ನರ್ಸಬಾಯಿ ಬಂದರು. ಊರಿನ ಆರೋಗ್ಯ ಕೇಂದ್ರದವರು. ಕೈಚೀಲ, ಕೊಡೆ ಹಿಡಿದುಕೊಂಡು ಮನೆಮನೆಗೆ ನಡೆದೇ ಹೋಗುತ್ತಿದ್ದರು. ಹುಬ್ಬಳ್ಳಿಯಿಂದ ಬಂದ ಕಾಗದ ಅವರ ಕೈಯಲ್ಲಿತ್ತು. ಅಕ್ಕನನ್ನು ನೋಡಿದವರೇ ನನ್ನ ಕಡೆ ತಿರುಗಿದರು.

“ಇದನ್ನ ಕಟ್ಟಿದ್ದು ಯಾರು?”

“ನಾನೇ, ಬಾಯಿಯವ್ರೆ.”

“ಬಿಚ್ಚು.”

ಬಿಚ್ಚಿದೆ. ಅಕ್ಕ ಕೈ ಎತ್ತಲು ನೋಡಿದಳು. ಹೆಗಲಿನಿಂದ ಏನೋ ಹಗ್ಗ ಬಿಗಿದ ಹಾಗೆ, ಮೊಣಕೈ ಸೊಂಟ ಬಿಟ್ಟು ಒಂದು ಗೇಣು ಎದ್ದು ನಿಂತಿತು. ಅಕ್ಕ ತುಟಿ ಕಚ್ಚಿಕೊಂಡಳು. ನರ್ಸಬಾಯಿ ಸಿಟ್ಟು ಮಾಡಲಿಲ್ಲ. ಗಾಯ ಮಾಗಿದೆ, ಇನ್ನು ಮಲಗಿಸಿಟ್ಟರೆ ಕೈ ಕಟ್ಟಿಗೆಯಾಗುತ್ತದೆ ಎಂದರು. ಭಾರ ಎತ್ತುವುದು ಬೇಡ. ಆದರೆ ದಿನಾ ಎರಡು ಹೊತ್ತು ಕೈ ಆಡಬೇಕು, ದಿನಾ ನಡೆಯಬೇಕು, ಮೊದಲು ಬೇಲಿಯವರೆಗೆ, ಆಮೇಲೆ ರಸ್ತೆಯವರೆಗೆ, ಆಮೇಲೆ ಸಮುದ್ರದವರೆಗೆ. ಆ ಕಾಗದದಲ್ಲಿ ಒಬ್ಬ ಹೆಂಗಸು ಗೋಡೆಯ ಮೇಲೆ ಬೆರಳು ಹತ್ತಿಸುತ್ತಿರುವ ಚಿತ್ರ ಇತ್ತು. ನರ್ಸಬಾಯಿ ಸುತ್ತ ನೋಡಿದರು. ಮೂಲೆಯಲ್ಲಿ ನನ್ನ ಕುಂಚ ಒಣಗುತ್ತಿತ್ತು. ಅದನ್ನು ತಂದು ಅಕ್ಕನ ಬಲಗೈಗೆ ಕೊಟ್ಟರು.

“ಸುಣ್ಣ ಬೇಡ, ನೀರು ಬೇಡ. ಒಣ ಕುಂಚದಲ್ಲೇ ಗೋಡೆ ಬಳಿ. ಕೆಳಗಿಂದ ಮೇಲೆ. ಎಷ್ಟು ಹೋಗ್ತದೋ ಅಷ್ಟೇ. ನಾಳೆ ಕೂದಲೆಳೆಯಷ್ಟು ಮೇಲೆ.”

ಜಗಲಿಯ ಗೋಡೆಯಲ್ಲಿ ಕಂದೀಲು ತೂಗುಹಾಕುವ ಮೊಳೆ ಒಂದಿತ್ತು, ಅಕ್ಕನ ತಲೆಗಿಂತ ತುಸು ಮೇಲೆ. ಅದನ್ನು ತೋರಿಸಿ, “ಇದಕ್ಕೆ ನಿನ್ನ ಕೈ ಮುಟ್ತೋ, ತುರುಬು ನೀನೇ ಕಟ್ಕಂತೀ. ಆ ದಿನದವರೆಗೂ ನಾ ಬರ್ತೇ ಇರ್ತೆ” ಎಂದರು. ನನಗೆ ಹೇಳಿದ್ದು ಒಂದೇ ಮಾತು: “ತಮ್ಮ, ಅವಳ ಜೊತೆ ನಿಲ್ಲು. ಒಬ್ಬಳೇ ಆದ್ರೆ ನೋವಿಗೆ ಬಿಟ್ಟುಬಿಡ್ತಾಳೆ.”

ನಿಂತೆ. ಅದೊಂದು ಐದು ವಾರ ನಿಂತೆ. ಅಕ್ಕ ಗೋಡೆಗೆ ಮುಖ ಮಾಡಿ ಒಣ ಕುಂಚ ಎಳೆಯುತ್ತಿದ್ದಳು, ಸರ್... ಸರ್... ಎಂದು. ಕೈ ನಿಂತಲ್ಲಿ ನಾನು ಇದ್ದಲಿನಿಂದ ಒಂದು ಗೆರೆ ಎಳೆಯುತ್ತಿದ್ದೆ. ಮೊದಲ ಗೆರೆ ಅವಳ ಗದ್ದದ ಹತ್ತಿರ. ನೋವು ಬಂದಾಗ ಹಣೆಯನ್ನು ಗೋಡೆಗೆ ಒತ್ತಿ ನಿಲ್ಲುತ್ತಿದ್ದಳು. ಎಷ್ಟೋ ದಿನ ಕೈ ಹಿಂದಿನ ಗೆರೆಯಷ್ಟಕ್ಕೇ ನಿಲ್ಲುತ್ತಿತ್ತು, ಹೊಸ ಗೆರೆ ಇಲ್ಲ.

ನಡೆಯುವುದೇ ಅವಳಿಗೆ ಹೆಚ್ಚು ಕಷ್ಟವಾಯಿತು. ಕಾಲಿನಿಂದಲ್ಲ. ನಮ್ಮ ಕಡೆ ಹೆಂಗಸು ಕೈಯಲ್ಲಿ ಏನೂ ಇಲ್ಲದೆ ಸುಮ್ಮನೆ ನಡೆಯುವುದಿಲ್ಲ. ಸೊಪ್ಪಿಗೋ ಮೀನಿಗೋ ನೀರಿಗೋ ಹೋಗಬೇಕು. ಬರಿಗೈಯಲ್ಲಿ ಹೋಗಿ ಬರಿಗೈಯಲ್ಲಿ ಬಂದರೆ ಎಲ್ಲರಿಗೂ ಉತ್ತರ ಕೊಡಬೇಕು. ಅದಕ್ಕೆ ಅಕ್ಕ ಎಡಗೈಯಲ್ಲಿ ಒಂದು ಖಾಲಿ ಬುಟ್ಟಿ ಹಿಡಿದು ಹೊರಡುತ್ತಿದ್ದಳು. ಆಚೆಮನೆಯ ದೊಡ್ಡವ್ವ ಎರಡು ದಿನ ನೋಡಿದಳು, ಮೂರನೇ ದಿನ ಬೇಲಿಗೆ ಬಂದು ನಿಂತಳು.

“ಎಂತ ತಂದ್ಯೇ? ಬುಟ್ಟಿ ತುಂಬಾ ಗಾಳಿಯಾ?”

“ಹೌದು ದೊಡ್ಡವ್ವ. ನಿನ್ನ ಒಲೆಗೆ ಊದೂಕೆ ಬೇಕು ಅಂತಿದ್ಯಲ್ಲ” ಎಂದಳು ಅಕ್ಕ. ಅವಳು ಹಳೆಯ ಅಕ್ಕ ಆಗುತ್ತಿದ್ದಳು.

ಆ ದೊಡ್ಡವ್ವನೇ ನನಗೆ ಅಮದಳ್ಳಿಯಿಂದ ಒಂದು ಸಂಬಂಧ ತಂದಳು. ಅವಳ ತವರಿನ ಕಡೆಯವರು. ಹುಡುಗಿಯನ್ನು ನಾನು ನೋಡಿ ಬಂದೆ. ನನಗೆ ತುಂಬಾ ಮನಸ್ಸಾಯಿತು, ಅದನ್ನು ಮುಚ್ಚಿಡುವುದಿಲ್ಲ. ಇನ್ನು ಅವರು ನಮ್ಮ ಮನೆ ನೋಡಲು ಬರಬೇಕು. ನಮ್ಮಲ್ಲಿ ಹುಡುಗಿಯ ಕಡೆಯವರು ಮನೆ ನೋಡುವುದೆಂದರೆ ಬಾವಿ, ಹಿತ್ತಲು, ಕೊಟ್ಟಿಗೆ, ಒಲೆ ಎಲ್ಲ ನೋಡುತ್ತಾರೆ. ಮನೆಯಲ್ಲಿ ಯಾರಿದ್ದಾರೆ, ಬರುವವಳಿಗೆ ಯಾರ ಚಾಕರಿ ಬೀಳುತ್ತದೆ ಎಂಬುದನ್ನೂ. ಬರುವ ರವಿವಾರ ಎಂದು ನಿಶ್ಚಯವಾಯಿತು.

ದೊಡ್ಡವ್ವ ಗುರುವಾರ ಒಳಗೆ ಬಂದವಳು ಜಗಲಿಯ ಗೋಡೆ ನೋಡಿ ನಿಂತುಬಿಟ್ಟಳು. ಹದಿಮೂರು ಗೆರೆ ಇತ್ತು ಆಗ.

“ಇದೆಂತ ಮಾರಾಯ? ಜೈಲಿನಲ್ಲಿ ದಿನ ಎಣಿಸಿದ ಹಾಗೆ!”

ನಾನು ಏನೋ ಹೇಳಿದೆ. ಅವಳು ನನ್ನನ್ನು ನೋಡಿದಳು, ಅಡುಗೆಮನೆಯ ಬಾಗಿಲು ನೋಡಿದಳು, ದನಿ ತಗ್ಗಿಸಿದಳು. “ನೋಡು ಮಗಾ, ಹೊಟ್ಟೆ ಗಡ್ಡೆ ಅಂತ ನೀ ಹೇಳ್ದೆ, ನಾ ನಂಬ್ದೆ. ಅವ್ರು ಕೇಳಿದ್ರೆ ಗೋಡೆಗೆ ಗೆರೆ ಯಾಕೆ ಅಂತ ನೀನೇ ಹೇಳ್ಕಾ. ಈ ಕಾಯಿಲೆ ಮನೆತನಕ್ಕೆ ಬರೂದು ಅಂತ ಜನ ಅಂತಾರೆ. ನಾ ಅಂಬುದಲ್ಲ, ಜನ ಅಂತಾರೆ.”

ಶನಿವಾರ ನಾನು ಸುಣ್ಣ ಕದಡಿದೆ. ನೀಲಿ ಪುಡಿ ಹಾಕಿದೆ. ಅಕ್ಕ ಹೊಸಿಲ ಮೇಲೆ ಕುಳಿತು ನೋಡುತ್ತಿದ್ದಳು. ಮನೆಗೆ ಜನ ಬರುವಾಗ ಸುಣ್ಣ ಬಳಿಯುವುದು ಇದ್ದದ್ದೇ. ಬೇರೆ ಗೋಡೆಗಳಿಗೆ ಒಂದೊಂದು ಕೈ ಬಳಿದೆ. ಜಗಲಿಯ ಗೋಡೆಗೆ ಎರಡು. ಇದ್ದಲ ಗೆರೆ ಒಂದು ಕೈಗೆ ಹೋಗುವುದಿಲ್ಲ. ಎರಡನೇ ಸಲ ಬಳಿಯುವಾಗ ಮಾತ್ರ ಅವಳು, “ಮೇಲಿಂದು ಒಂದಾದ್ರೂ ಬಿಡಾ ತಮಾ. ಎಲ್ಲಿಗೆ ಮುಟ್ಟಿತ್ತು ಅಂತ ಗೊತ್ತಿರ್ಲಿ” ಎಂದಳು. ಮೊಳೆಗೂ ಆ ಗೆರೆಗೂ ನಾಲ್ಕು ಬೆರಳು ಅಂತರ.

“ಒಂದೆರಡು ತಿಂಗಳು ಸುಮ್ನಿರು. ಮದುವೆ ಆಗೋಗ್ಲಿ” ಎಂದೆ. ಬಳಿದೆ.

ರವಿವಾರ ಅಮದಳ್ಳಿಯವರು ಹತ್ತು ಗಂಟೆಯ ಬಸ್ಸಿಗೆ ಬರುವವರಿದ್ದರು. ಅಕ್ಕನಿಗೆ ಎದೆ ಕಾಣದ ಹಾಗೆ ಸೆರಗನ್ನು ಎರಡು ಸುತ್ತು ಹೊದೆಯಲು ಹೇಳಿ ಅಡುಗೆಮನೆಯಲ್ಲಿ ಕೂರಿಸಿದ್ದೆ. ಅವಳ ತುರುಬನ್ನು ಅವಸರದಲ್ಲಿ ಕಟ್ಟಿದ್ದೆ. ಒಂಬತ್ತೂವರೆಗೆ ಬೇಲಿಯ ಬಾಗಿಲು ಸದ್ದಾಯಿತು. ನಾನು ಓಡಿ ಹೊರಗೆ ಬಂದರೆ, ಕೊಡೆ, ಕೈಚೀಲ... ನರ್ಸಬಾಯಿ. ರವಿವಾರವೂ ಬಂದಿದ್ದರು. ಮುಖ ಬೆವತಿತ್ತು, ನಗುತ್ತಿದ್ದರು.

“ಎಲ್ಲಿ ನಮ್ಮ ಸುಣ್ಣ ಬಳಿಯುವವ್ಳು? ಮೊಳೆ ಹತ್ತಿರ ಬಂತಾ?”

ನಾನು ಅಂಗಳದಲ್ಲಿ ಅವರಿಗೆ ಅಡ್ಡ ನಿಂತೆ. ರಸ್ತೆಯ ಕಡೆಯಿಂದ ಯಾವುದೋ ವಾಹನದ ಸದ್ದು ಬಂತು. ಬಸ್ಸೇ ಬಂತೇನೋ ಎಂದು ಬೇಲಿಯ ಆಚೆ ನೋಡಿದೆ.

“ಅಕ್ಕ ಮನೆಯಲ್ಲಿಲ್ಲ ಬಾಯಿಯವ್ರೆ. ಅಂಕೋಲೆಗೆ ಹೋಗ್ಯಾಳೆ, ನೆಂಟರ ಮನೆಗೆ.”

“ಒಬ್ಳೇ ಹೋದ್ಲಾ? ಚಲೋ ಆಯ್ತು! ಕೈ ಹೇಗದೆ?”

ಇಷ್ಟಕ್ಕೇ ಬಿಟ್ಟಿದ್ದರೆ ಅವರು ಮುಂದಿನ ವಾರ ಮತ್ತೆ ಬರುತ್ತಿದ್ದರು. ಮತ್ತೆ ಬರಬಾರದು ಎಂಬುದೇ ನನ್ನ ತಲೆಯಲ್ಲಿತ್ತು, ಮದುವೆ ಆಗುವವರೆಗೆ ಈ ಕೊಡೆ ಈ ಅಂಗಳದಲ್ಲಿ ಕಾಣಬಾರದು. “ಎಲ್ಲ ಚಲೋ ಆಗ್ಯದೆ. ತುರುಬು ತಾನೇ ಕಟ್ಕಂತಾಳೆ ಈಗ” ಎಂದೆ.

ನರ್ಸಬಾಯಿಯ ಮುಖ ಅರಳಿದ್ದು ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಕೈಚೀಲದಿಂದ ಪುಸ್ತಕ ತೆಗೆದು, ಅಂಗಳದಲ್ಲಿ ನಿಂತೇ ಏನೋ ಬರೆದರು, ಗೆರೆ ಹೊಡೆದರು. “ಇನ್ನು ನಾ ಬರೂದೇನಿಲ್ಲ ಹಾಗಾದ್ರೆ. ಅವಳಿಗೆ ಹೇಳು, ನಡಿಯೂದು ಬಿಡಬೇಡ ಅಂತ.” ನೀರು ಬೇಕೇ ಎಂದೂ ನಾನು ಕೇಳಲಿಲ್ಲ. ಅವರು ಬಿಸಿಲಿನಲ್ಲಿ ಕೊಡೆ ಬಿಚ್ಚಿ ಹೋದರು. ಆ ಬೇಸಿಗೆಯಲ್ಲಿ ಅವರಿಗೆ ಬೇರೆ ಕಡೆ ವರ್ಗವಾಯಿತು.

ಅಡುಗೆಮನೆಗೂ ಅಂಗಳಕ್ಕೂ ನಡುವೆ ಇದ್ದದ್ದು ಒಂದು ತಟ್ಟಿ. ಅಕ್ಕನಿಗೆ ಪ್ರತಿ ಶಬ್ದವೂ ಕೇಳಿಸಿತ್ತು. ಒಂದು ಕೂಗು ಹಾಕಿದ್ದರೆ ಸಾಕಿತ್ತು, ಹಾಕಲಿಲ್ಲ. ನನ್ನ ಮದುವೆ ತಪ್ಪಬಾರದೆಂದು. ಅರ್ಧ ಗಂಟೆಯ ಮೇಲೆ ಬಂದ ಅಮದಳ್ಳಿಯವರಿಗೆ ಎಡಗೈಯಲ್ಲೇ ಚಹಾ ಸೋಸಿದಳು. ನಾನು ಅದನ್ನು ಹೊರಗೆ ಒಯ್ದು ಕೊಟ್ಟೆ. ಹುಡುಗಿಯ ಅಪ್ಪ ಜಗಲಿಯ ಗೋಡೆ ನೋಡಿ, “ಕೆಲಸ ಚಲೋ ಅದೆ” ಎಂದ.

ಸೋಮವಾರ ಬೆಳಿಗ್ಗೆ ನಾನು ಬಾಚಣಿಗೆ ಹಿಡಿದು ಅವಳ ಬೆನ್ನ ಹಿಂದೆ ಕುಳಿತೆ.

“ಬೇಡ. ನಾನೇ ಕಟ್ಕಂತೆ ಅಂದ್ಯಲ್ಲ” ಎಂದಳು ಅಕ್ಕ.

ನಾನು ಕೆಲಸಕ್ಕೆ ಹೋದೆ, ಕುಂಚ ತೆಗೆದುಕೊಂಡು. ಸಂಜೆ ಬಂದಾಗ ಅವಳ ಕೂದಲು ಇರಲಿಲ್ಲ. ಎಡಗೈಯಲ್ಲಿ ಕತ್ತರಿ ಹಿಡಿದು ಕತ್ತಿನವರೆಗೆ ಕತ್ತರಿಸಿಕೊಂಡಿದ್ದಳು, ಒಂದು ಕಡೆ ಉದ್ದ, ಒಂದು ಕಡೆ ಗಿಡ್ಡ. ದೊಡ್ಡವ್ವ ಬಾಯಿ ಬಡಿದುಕೊಂಡು ಬಂದಳು. ಅಕ್ಕ “ಹೇನಾಗಿತ್ತು ದೊಡ್ಡವ್ವ” ಎಂದಳು. ಆಮೇಲೆ ಕೇಳಿದವರಿಗೆಲ್ಲ ಅದೇ ಉತ್ತರ, ಹೇನಾಗಿತ್ತು.

ಬೇರೆ ಗೋಡೆ ಇರಲಿಲ್ಲವೇ ಎಂದು ಯಾರಾದರೂ ಕೇಳಬಹುದು. ಇತ್ತು. ಹಿತ್ತಲಿನ ಗೋಡೆ ಇತ್ತು, ಮೂಲೆಯಲ್ಲಿ ಹಳೆಯ ಕುಂಚವೂ ಇತ್ತು. “ಬಾ ಅಕ್ಕ, ಅಲ್ಲಿ ಮಾಡುವ” ಎಂದು ನಾನು ಒಂದು ಮಾತು ಹೇಳಿದ್ದರೆ ಬರುತ್ತಿದ್ದಳು. ಸುಣ್ಣದ ಹಂಗಾಮು, ಮದುವೆಯ ಓಡಾಟ... ಹೇಳಲಿಲ್ಲ. ಅವಳು ಖಾಲಿ ಬುಟ್ಟಿಯನ್ನೂ ತೆಗೆದು ಅಟ್ಟಕ್ಕೆ ಹಾಕಿದಳು. ಮದುವೆಯ ಹೊತ್ತಿಗೆ ಅವಳ ಕೈ ಮೊದಲ ಗೆರೆಯ ಹತ್ತಿರವೂ ಹೋಗುತ್ತಿರಲಿಲ್ಲ. ಕೈ ಬಾತುಕೊಂಡು ಬಳೆ ಏರುತ್ತಿರಲಿಲ್ಲ.

ಹೆಂಡತಿಗೆ ಬಂದ ವಾರದಲ್ಲೇ ಎಲ್ಲ ತಿಳಿಯಿತು. ಒಂದೇ ಮನೆಯಲ್ಲಿ ಹೆಂಗಸಿನಿಂದ ಹೆಂಗಸು ಎಷ್ಟು ದಿನ ಮುಚ್ಚಿಡಬಹುದು? ಮೊದಲೇ ಹೇಳಿದ್ದರೆ ಏನಾಗುತ್ತಿತ್ತು ಎಂದು ನಾನು ಅವಳನ್ನು ಕೇಳಿದೆ. “ಅಪ್ಪ ಬೇಡ ಅಂತಿದ್ದ” ಎಂದಳು. ಅಂದರೆ ನನ್ನ ಸುಳ್ಳಿಗೆ ಬೆಲೆ ಬಂತು. ವ್ಯರ್ಥವಾಗಿ ಹೇಳಿದ ಸುಳ್ಳಾಗಿದ್ದರೆ ಇಷ್ಟು ಚುಚ್ಚುತ್ತಿರಲಿಲ್ಲವೇನೋ.

ಹೆಂಡತಿಯೇ ಅಕ್ಕನನ್ನು ಮತ್ತೆ ಎಬ್ಬಿಸಿದಳು. ಅಟ್ಟದ ಬುಟ್ಟಿ ಇಳಿಸಿ, ತಾನೂ ಒಂದು ಹಿಡಿದು, ದಿನಾ ಸಮುದ್ರದವರೆಗೆ ಇಬ್ಬರೂ ನಡೆದು ಬರುತ್ತಿದ್ದರು. ಬಾವು ಇಳಿಯಿತು. ಅಕ್ಕನಿಗೆ ಉಸಿರು ಬಂತು, ಊಟ ಸೇರಿತು, ಬೇಲಿಯ ಮೇಲೆ ಮಾತು ಶುರುವಾಯಿತು. ಆದರೆ ಕೈ ಗದ್ದದಿಂದ ಮೇಲೆ ಹೋಗಲಿಲ್ಲ. ಹೊತ್ತು ಮೀರಿತ್ತು. ಕೂದಲನ್ನು ಅವಳು ಬೆಳೆಯಲು ಬಿಡಲೇ ಇಲ್ಲ.

ತೊಂಬತ್ತೆರಡೋ ಮೂರೋ ಇರಬೇಕು, ಕೆಲವು ತಿಂಗಳು ಅಕ್ಕ ಪ್ರತಿ ಗುರುವಾರ ಬಸ್ಸು ಹತ್ತಿ ಕಾರವಾರದ ಆಚೆ ಕಿನ್ನರ ಎಂಬ ಊರಿಗೆ ಹೋಗುತ್ತಿದ್ದಳು. ಅಲ್ಲಿದ್ದವಳು ಹುಬ್ಬಳ್ಳಿಯಲ್ಲಿ ತಪಾಸಣೆಗೆ ಹೋದಾಗ ಪರಿಚಯವಾದ ಹೆಂಗಸಂತೆ, ಇವಳ ಹಾಗೇ ಆಪರೇಶನ್ ಆದವಳು. ಏನು ಕೆಲಸ ಎಂದು ನಾನು ಕೇಳಲಿಲ್ಲ. ಒಂದು ಸಲ ಕಾರವಾರದ ಬಸ್‌ಸ್ಟ್ಯಾಂಡಿನಲ್ಲಿ ಇಬ್ಬರನ್ನೂ ಒಟ್ಟಿಗೆ ಕಂಡೆ. ನಗುತ್ತಾ ಕುಳಿತಿದ್ದರು.

ಆಮೇಲೆ ರೋಗ ಬೆನ್ನಿನ ಎಲುಬಿಗೆ ಬಂತು. ಕೊನೆಯ ಮಳೆಗಾಲವಿಡೀ ಅಕ್ಕ ಮಲಗಿದ್ದಳು, ಆ ಜಗಲಿಯಲ್ಲೇ. ನಾನು ದಿನಾ ಹತ್ತಿರ ಕೂರುತ್ತಿದ್ದೆ. ಹೇಳಬೇಕು, ಇವತ್ತು ಹೇಳಬೇಕು ಎಂದುಕೊಂಡು ಬಾಯಿ ತೆರೆದರೆ “ನೀರು ಬೇಕಾ ಅಕ್ಕ?” ಎಂಬುದೇ ಬರುತ್ತಿತ್ತು. “ಎಷ್ಟು ಸಲ ಕೇಳ್ತ್ಯಾ, ನಾ ಬಾವಿಯಾ?” ಎನ್ನುತ್ತಿದ್ದಳು. ಒಂದು ಮಧ್ಯಾಹ್ನ ನೀರು ತರಲು ಒಳಗೆ ಹೋದವನು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದಳು...

ಸುಣ್ಣದ ವಾಸನೆ ಬಂದ ಆ ದಿನ ನಾನು ಮುಂದಿನ ಬಸ್ಸು ಹಿಡಿದು ಕಾರವಾರಕ್ಕೆ ಹೋದೆ, ಕಣ್ಣು ತೋರಿಸಲು. ಆಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಒಬ್ಬ ಮುದುಕಿ ಕುಳಿತಿದ್ದಳು. ಫ್ಯಾನಿನ ಗಾಳಿಗೆ ಅವಳ ಬಿಳಿ ಕೂದಲು ಬಿಚ್ಚಿಕೊಂಡಿತು. ಅವಳು ಎರಡೂ ಕೈಗಳನ್ನು ತಲೆಯ ಹಿಂದಕ್ಕೆ ಒಯ್ದು, ನೋಡದೆಯೇ ಸುತ್ತಿ, ಸಿಕ್ಕಿಸಿದಳು. ನಾನು ನೋಡುತ್ತಿದ್ದುದನ್ನು ಅವಳು ಕಂಡಳು.

“ನೀವು ಅವರ್ಸಾದವ್ರಲ್ವಾ? ಮುಖ ಅಕ್ಕಂದೇ” ಎಂದಳು. “ನಾ ಕಿನ್ನರದವ್ಳು.”

ಅಕ್ಕ ತೀರಿಹೋದದ್ದು ಅವಳಿಗೆ ಗೊತ್ತಿತ್ತು. ತಡವಾಗಿ ಗೊತ್ತಾಯಿತಂತೆ. ಗುರುವಾರಗಳ ವಿಷಯ ಅವಳೇ ಹೇಳಿದಳು. ಅಕ್ಕ ಬಂದು ಅವಳನ್ನು ಗೋಡೆಗೆ ನಿಲ್ಲಿಸಿ, ಕೈ ಹತ್ತಿಸಿ, ಹೊಳೆಯ ದಂಡೆಯವರೆಗೆ ನಡೆಸಿ, ಬೈದು, ನಗಿಸಿ, ಸಂಜೆಯ ಬಸ್ಸಿಗೆ ಹೋಗುತ್ತಿದ್ದಳಂತೆ. “ನಂಗೆ ನೋವಾಗಿ ಅಳು ಬಂದ್ರೆ, ತನ್ನ ಕೈ ತೋರಿಸ್ತಿದ್ಲು. ‘ನಾ ಸೋಮಾರಿ ಆದೆ, ದಿನಾ ಮಾಡೂಕೆ ಬೇಜಾರ ಮಾಡ್ಕಂಡೆ, ನೋಡು ಹೀಗಾಯ್ತು, ನೀ ಹಾಗೆ ಮಾಡಬೇಡ’ ಅಂತಿದ್ಲು. ಪಾಪ, ತಾ ಮಾಡ್ದಿದ್ರೂ ನನ್ನ ಹತ್ರ ಮಾಡ್ಸಿದ್ಲು.”

ಸೋಮಾರಿ. ನನ್ನ ಹೆಸರು ಹೇಳಬಾರದೆಂದು ಆ ಶಬ್ದವನ್ನು ಅವಳು ತನ್ನ ಮೇಲೆ ಹಾಕಿಕೊಂಡಿದ್ದಳು. ಕಿನ್ನರದ ಒಂದು ಮನೆಯಲ್ಲಿ ಇಷ್ಟು ವರ್ಷ ನನ್ನ ಅಕ್ಕ ಸೋಮಾರಿಯಾಗಿ ಉಳಿದಿದ್ದಳು.

“ಇಲ್ಲ” ಎಂದೆ. ದನಿ ದೊಡ್ಡದಾಯಿತು, ಸಾಲಿನಲ್ಲಿದ್ದವರು ತಿರುಗಿದರು. “ಅವ್ಳು ಒಂದು ದಿನವೂ ಬಿಡ್ಲಿಲ್ಲ. ನಾ ಬಿಡ್ಸಿದೆ.” ನರ್ಸಬಾಯಿಗೆ ಹೇಳಿದ ಸುಳ್ಳನ್ನು ಒಂದು ಶಬ್ದವನ್ನೂ ಬಿಡದೆ ಅವಳಿಗೆ ಹೇಳಿದೆ. ಕೇಳುತ್ತಾ ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು.

“ನಂಗೆ ಯಾಕೆ ಹೇಳ್ತ್ರಿ?” ಎಂದಳು ಕೊನೆಗೆ. “ಅವಳಿಗೆ ಹೇಳಿದ್ರಾ?”

ಅಕ್ಕ ಹೋದ ಮೇಲೆ ಯಾರೆದುರಿಗೂ ನಾನು ಅವಳನ್ನು ಕೂಗಿ ಕರೆದಿರಲಿಲ್ಲ. ಅಷ್ಟು ಜನರ ನಡುವೆ, ಬೆಂಚಿನ ಮೇಲೆ ಕುಳಿತೇ, ಕರೆದೆ.

“ಅಕ್ಕಾ, ನೀ ಸೋಮಾರಿ ಅಲ್ಲ. ನಿನ್ನ ಕೈ ನಿಲ್ಸಿದ್ದು ನಾನು. ತಪ್ಪಾಯ್ತು ಅಕ್ಕಾ.”